ಸಹಾಯ ಬೇಕು: ಮಿಷಿಗನ್‌ನಲ್ಲಿ ಬಿಲ್ಲುಬೇಟೆ ಬಲ್ಲವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಲ್ಯಾನ್ಸಿಂಗ್ ಹತ್ತಿರ ಇರೋದು, ಊರು ವಿರಾಜಪೇಟೆ ಕಡೆ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ಅದು ಸರಿಯೇ. ಅಜ್ಜನ ಕಾಲದ ಕಥೆಗಳನ್ನಷ್ಟೇ ಕೇಳಿ ಬೆಳೆದವನು ನಾನು. ಇಲ್ಲಿ ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಿದ್ದೇನೆ. ಅಕ್ಟೋಬರ್ 1ಕ್ಕೆ ಜಿಂಕೆ ಬಿಲ್ಲುಬೇಟೆ ಶುರು, ನನಗಿದು ಮೊದಲ ಸೀಸನ್.

ದೊಡ್ಡ ಕೊಂಬಿನ ಆಸೆ ನನಗಿಲ್ಲ. ಒಂದೇ ಒಂದು ಹೆಣ್ಣು ಜಿಂಕೆ, ಅದೂ ನರಳದ ಹಾಗೆ, ಇಷ್ಟೇ ಗುರಿ. 20 ಗಜದಾಚೆ ಬಾಣ ಬಿಡಬಾರದು, ಪಕ್ಕಕ್ಕೆ ತಿರುಗಿ ನಿಂತು ಎದೆಭಾಗ ಸ್ಪಷ್ಟವಾಗಿ ಕಾಣುವವರೆಗೆ ಕಾಯಬೇಕು ಅಂತ ತೀರ್ಮಾನಿಸಿದ್ದೇನೆ. ಹಾಗೆ ಸಿಗದಿದ್ದರೆ ಬರಿಗೈಲಿ ವಾಪಸ್ ಬರ್ತೇನೆ. ಬೇಜಾರಿಲ್ಲ.

ದಿನಾ ಸಂಜೆ ಹಿತ್ತಲಲ್ಲಿ 45 ಪೌಂಡ್ ಎಳೆತದ ಕಾಂಪೌಂಡ್ ಬಿಲ್ಲಿನಲ್ಲಿ (ತುದಿಗಳಲ್ಲಿ ರಾಟೆ ಇರುವ ಬಿಲ್ಲು) ಅಭ್ಯಾಸ ಮಾಡ್ತಿದ್ದೇನೆ. ನೆಲದ ಮೇಲೆ ನಿಂತರೆ ಗುರಿ ತಪ್ಪಲ್ಲ. ಆದರೆ ಮರದ ಮೇಲಿನ ಸ್ಟ್ಯಾಂಡ್‌ನಿಂದ ಕೆಳಕ್ಕೆ ಬಿಟ್ಟಾಗ ಬಾಣ ಗುರಿಗಿಂತ ಮೇಲಕ್ಕೆ ಹೋಗುತ್ತೆ. ಸೊಂಟದಿಂದ ಬಾಗಬೇಕು, ತೋಳು ಇಳಿಸಬಾರದು ಅಂತಾರೆ. ಹಾರ್ನೆಸ್ (ಮರದಿಂದ ಬೀಳದಂತೆ ಹಿಡಿಯುವ ಸುರಕ್ಷತಾ ಪಟ್ಟಿ) ಕಟ್ಟಿಕೊಂಡು ಹಾಗೆ ಬಾಗಲು ನನಗೆ ಬರ್ತಿಲ್ಲ.

ಅನುಭವ ಇರುವವರು ಒಂದು ಶನಿವಾರ ಜೊತೆಗಿದ್ದು ತೋರಿಸಿಕೊಡ್ತೀರಾ? ಬಾಣ ತಗುಲಿದ ಮೇಲೆ ರಕ್ತದ ಜಾಡು ಹಿಡಿಯೋದು, ಮಾಂಸ ಹಸನು ಮಾಡೋದು ಕೂಡ ಕಲಿಯಬೇಕು. ಒಂದು ತುಂಡೂ ಹಾಳಾಗಬಾರದು. ಪೆಟ್ರೋಲ್ ಖರ್ಚು ನನ್ನದು, ಊಟಕ್ಕೆ ನಮ್ಮನೆಗೇ ಬನ್ನಿ, ಕಡುಬು ಮಾಡ್ತೇವೆ. ದಯವಿಟ್ಟು ಮೆಸೇಜ್ ಮಾಡಿ.