ಉಗ್ಗನ್ನು ಅಳೆಯುವುದು ಹೇಗೆ? ಮೆಸೇಜ್ ಗುಂಪಿನಲ್ಲಿ ವಾಕ್ ಚಿಕಿತ್ಸಕಿಯೊಂದಿಗೆ ಪ್ರಶ್ನೋತ್ತರ

ವಿರಾಜಪೇಟೆಯ ತಾಯಿ: ಮೇಡಂ, ಮಗನಿಗೆ 8 ವರ್ಷ, ಉಗ್ಗು ಇದೆ. ಜೂನ್‌ನಲ್ಲಿ ಒಂದು ಕಡೆ ‘ಸ್ವಲ್ಪವೇ’ ಅಂದರು. ಹೋದ ವಾರ ಇನ್ನೊಂದು ಕಡೆ ‘ತೀವ್ರ’ ಅಂತ ಬರೆದುಕೊಟ್ಟರು. ಯಾವುದನ್ನು ನಂಬಲಿ? ಮನೆಯಲ್ಲಿ ಕೊಡವ ತಕ್ಕ್, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್. ಈಗೀಗ ಹಾಜರಿ ಕರೆದಾಗ ಬಾಯಿ ಬಿಡದೆ ಬರೀ ಕೈ ಎತ್ತುತ್ತಾನಂತೆ.

ಚಿಕಿತ್ಸಕಿ: ಎರಡೂ ಸರಿ ಇರಬಹುದು. ಉಗ್ಗು ದಿನದಿಂದ ದಿನಕ್ಕೆ, ಎದುರಿಗೆ ಯಾರಿದ್ದಾರೆ ಅನ್ನುವುದರ ಮೇಲೆ ಬದಲಾಗುತ್ತದೆ. ಉಗ್ಗು ಎಷ್ಟು ತೀವ್ರ ಅಂತ ಅಳೆಯಲು ರೈಲಿಯವರ ಅಳತೆ 1972ರಿಂದ ಬಳಕೆಯಲ್ಲಿದೆ. ಎಷ್ಟು ಸಲ ಉಗ್ಗಿದ, ಮಾತು ಸಿಕ್ಕಿಕೊಂಡ ಅತಿ ಉದ್ದದ ಮೂರು ತಡೆಗಳು ಎಷ್ಟು ಹೊತ್ತು, ಮುಖ ಕಿವುಚಿದನಾ, ಮೂರನ್ನೂ ಕೂಡಿಸಿ ಅಂಕ ಕೊಡುತ್ತಾರೆ. ಒಂದೇ ವಿಡಿಯೋವನ್ನು ಇಬ್ಬರು ಅನುಭವಿಗಳು ನೋಡಿದರೂ ಎಣಿಕೆ ಬೇರೆ ಬರಬಹುದು. ಒಟ್ಟು ಸಂಖ್ಯೆ ಹೊಂದಿದರೂ ಯಾವ ಜಾಗದಲ್ಲಿ ಉಗ್ಗಿದ ಅನ್ನುವುದು ಹೊಂದದೆ ಇರಬಹುದು. ಪದ ಎಣಿಸಿದರಾ, ಅಕ್ಷರ ಎಣಿಸಿದರಾ ಅಂತಲೂ ಕೇಳಿ. ‘ಹೋಗುತ್ತಿದ್ದೇನೆ’ ಪದ ಒಂದೇ, ಅಕ್ಷರ 5. ಉಗ್ಗಿದ್ದು ಶೇಕಡಾ ಎಷ್ಟು ಅನ್ನುವುದೇ ಪೂರ್ತಿ ಬದಲಾಗುತ್ತದೆ.

ಆದರೆ ನನಗೆ ಚಿಂತೆ ಆ ಕೈ ಎತ್ತುವುದರ ಬಗ್ಗೆ. ಕಷ್ಟದ ಪದ ತಪ್ಪಿಸುವ, ಸುಮ್ಮನಾಗುವ ಮಗುವಿನ ಎಣಿಕೆ ಕಡಿಮೆಯೇ ಬರುತ್ತದೆ. ಉಗ್ಗು ಕಡಿಮೆಯಾಯಿತು ಅಂತ ನಾವು ಖುಷಿಪಡುತ್ತೇವೆ, ಅವನು ಒಳಗೆ ಹೆದರಿರುತ್ತಾನೆ. ಯಾವ ಭಾಷೆಯಲ್ಲಿ ಪರೀಕ್ಷೆ ಆಯಿತು? ಓದಿಸಿದರಾ, ಮಾತಾಡಿಸಿದರಾ? ವರದಿ ನೋಡಿ ಹೇಳಿ.

ಸೋಮವಾರಪೇಟೆಯ ಸದಸ್ಯ: ಉಗ್ಗು ಎಣಿಸುವ ಆ್ಯಪ್‌ನಲ್ಲಿ ಶೇಕಡಾ ಬರುತ್ತದೆ. ಅದು ಸಾಕಾ?

ಚಿಕಿತ್ಸಕಿ: ಸಾಲದು.

ಮಡಿಕೇರಿಯ ಸದಸ್ಯ: ಫಾರ್ವರ್ಡ್ ಬಂದಿದೆ: ದಿನಾ ಬಜೆ ತೇಯ್ದು ನಾಲಿಗೆಗೆ ಹಚ್ಚಿ, ಬಾಯಲ್ಲಿ ಕಲ್ಲಿಟ್ಟು ಓದಿಸಿ. 21 ದಿನದಲ್ಲಿ ಗುಣ.

ಚಿಕಿತ್ಸಕಿ: ದಯವಿಟ್ಟು ಇದನ್ನು ಹಂಚಬೇಡಿ. ಕಲ್ಲು ಉಸಿರುನಾಳಕ್ಕೆ ಸಿಕ್ಕಿದರೆ ಮಗುವಿನ ಜೀವಕ್ಕೇ ಅಪಾಯ. ಬಜೆಯಿಂದ ಉಗ್ಗು ಹೋಗುವುದಿಲ್ಲ.

ಗೋಣಿಕೊಪ್ಪದ ಸದಸ್ಯೆ: ಮೂರು ಭಾಷೆ ಮಾತಾಡಿಸಿದರೆ ಉಗ್ಗದೆ ಇನ್ನೇನು? ಮನೆಯಲ್ಲೂ ಕನ್ನಡ ಮಾತ್ರ ಮಾಡಿ.

ಪೊನ್ನಂಪೇಟೆಯ ಸದಸ್ಯ: ಅಜ್ಜಿ ಹತ್ತಿರ ಮಗು ಏನು ಮಾತಾಡಬೇಕು? ಕೊಡವ ತಕ್ಕ್ ಬಿಡಿಸುವ ಸಲಹೆ ಇಲ್ಲಿ ಬೇಡ.

ಗೋಣಿಕೊಪ್ಪದ ಸದಸ್ಯೆ: ಭಾಷೆ ಮೇಲೆ ಸಿಟ್ಟಿಲ್ಲ. ಮಗುವಿನ ಒಳ್ಳೆಯದಕ್ಕೆ ಹೇಳಿದೆ.

ಸುಂಟಿಕೊಪ್ಪದ ಸದಸ್ಯ: ನಮ್ಮ ಮನೆಯಲ್ಲಿ ಅರೆಭಾಷೆ, ಮಲಯಾಳಂ ಎರಡೂ ಇವೆ. ಯಾರೂ ಉಗ್ಗುವುದಿಲ್ಲ.

ಪೊನ್ನಂಪೇಟೆಯ ಸದಸ್ಯ: ಅದನ್ನೇ ನಾನೂ ಹೇಳಿದ್ದು. ಓದದೆ ಉತ್ತರ ಕೊಡುವವರು ಜಾಸ್ತಿ ಆಗಿದ್ದಾರೆ.

ಚಿಕಿತ್ಸಕಿ: ಹೆಚ್ಚು ಭಾಷೆಯಿಂದ ಉಗ್ಗು ಬರುವುದಿಲ್ಲ. ಯಾವ ಭಾಷೆಯನ್ನೂ ನಿಲ್ಲಿಸಬೇಡಿ. ಜಗಳ ಬೇರೆ ಕಡೆ ಇಟ್ಟುಕೊಳ್ಳಿ.

ಕುಶಾಲನಗರದ ಸದಸ್ಯ: ನನಗೆ 34 ವರ್ಷ, ಮುಂದಿನ ತಿಂಗಳು ಇಂಟರ್‌ವ್ಯೂ ಇದೆ. ಈ ವಯಸ್ಸಿನಲ್ಲಿ ಅಳೆಸಿ ಪ್ರಯೋಜನ ಇದೆಯಾ?

ಶನಿವಾರಸಂತೆಯ ಸದಸ್ಯೆ: ಮೇಡಂ, ಆ್ಯಪ್ ಅಂಕ ನಂಬಬಹುದಾ?

ಚಿಕಿತ್ಸಕಿ: ಮೇಲೆ ಹೇಳಿದೆ. ಓದಿ.

ವಿರಾಜಪೇಟೆಯ ತಾಯಿ: ವರದಿ ನೋಡಿದೆ. ಜೂನ್‌ನಲ್ಲಿ ಇಂಗ್ಲಿಷ್ ಪಾಠ ಓದಿಸಿದ್ದರು, ಅಷ್ಟೇ. ಈ ಸಲ ಕೊಡವ ತಕ್ಕ್‌ನಲ್ಲಿ ಮಾತಾಡಿಸಿದ್ದಾರೆ.

ಚಿಕಿತ್ಸಕಿ: ಹಾಗಾದರೆ ಆ ಎರಡು ಅಂಕಗಳನ್ನು ಹೋಲಿಸಬೇಡಿ. ಓದುವಾಗ ಪದ ಬದಲಾಯಿಸಲು ಆಗುವುದಿಲ್ಲ, ಮಾತಾಡುವಾಗ ಬದಲಾಯಿಸಬಹುದು. ಇವನು ಮಾತಿನಲ್ಲೂ ಇಷ್ಟು ಉಗ್ಗಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಅಜ್ಜಿ ಜೊತೆ, ಗೆಳೆಯನ ಜೊತೆ, ಫೋನಿನಲ್ಲಿ ಮಾತಾಡುವಾಗ ಅವನಿಗೆ ತಿಳಿಸಿಯೇ ರೆಕಾರ್ಡ್ ಮಾಡಿ. ದಿನಕ್ಕೊಂದು ಅಂಕ ನೀವೂ ಬರೆದಿಡಿ, 0 ಅಂದರೆ ಇಲ್ಲವೇ ಇಲ್ಲ, 9 ಅಂದರೆ ತುಂಬಾ ಜಾಸ್ತಿ. ಟೀಚರ್ ಹತ್ತಿರ ಹಾಜರಿ ವಿಷಯ ನಾಳೆಯೇ ಮಾತಾಡಿ. ಕೈ ಎತ್ತಿದರೆ ಬೈಯಬಾರದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಎರಡೂ ವರದಿ, ರೆಕಾರ್ಡಿಂಗ್ ತೆಗೆದುಕೊಂಡು ಹೋಗಿ.

ಮಡಿಕೇರಿಯ ಸದಸ್ಯ: ಬಜೆ ನಮ್ಮ ಅಜ್ಜಿಯ ಕಾಲದಿಂದ ಇದೆ, ಮೇಡಂ.

ಚಿಕಿತ್ಸಕಿ: ಅಡ್ಮಿನ್, ಆ ಮೆಸೇಜ್ ತೆಗೆಯಿರಿ. ಕಲ್ಲಿನದು ಮೊದಲು.