ಡೈರಿ ತೆಗೆದು ಕೂತೆ: ಬಸ್ಸಲ್ಲಿ ಉಳಿದಿದ್ದು ಡೀಸೆಲ್ಲಿಗೆ ಹೋಯ್ತಾ?

ಹೊಲಿಗೆ ಅಕ್ಕ:

ನಾನು ಪೀಣ್ಯದ ಕಡೆ ಗಾರ್ಮೆಂಟ್ಸಲ್ಲಿ ಟೈಲರ್. ಯಜಮಾನರದ್ದು ಡೀಸೆಲ್ ಗೂಡ್ಸ್ ಗಾಡಿ. ಇಬ್ಬರು ಮಕ್ಕಳು. ಹಾಲು, ಚೀಟಿ, ಸ್ಕೂಲ್ ಫೀಸು ಎಲ್ಲ ಬರೆದಿಡೋಕೆ ಒಂದು ಹಳೇ ಡೈರಿ ಇದೆ. ಮೊನ್ನೆ ಭಾನುವಾರ ಅದನ್ನು ತೆಗೆದು ಕೂತೆ. ಗ್ಯಾರಂಟಿ ಬಂದ ಮೇಲೆ ನಮಗೆ ಉಳಿದದ್ದೆಷ್ಟು ಅಂತ.

2023ರ ಜೂನ್‌ಗೆ ಮುಂಚೆ ಬಸ್ಸಿಗೆ ಹೋಗೋಕೆ 20, ಬರೋಕೆ 20 ಕೊಡುತ್ತಿದ್ದೆ. 26 ದಿನಕ್ಕೆ 1,040 ರೂಪಾಯಿ. ಶಕ್ತಿ ಯೋಜನೆಯಿಂದ ಅದು ಪೂರ್ತಿ ಉಳಿಯಿತು. ಗೃಹಜ್ಯೋತಿಯಿಂದ ಕರೆಂಟ್ ಬಿಲ್ಲೂ ಸೊನ್ನೆ. 2022-23ರಲ್ಲಿ ನಮ್ಮ ಸರಾಸರಿ 70 ಯೂನಿಟ್ ಇತ್ತು, ಹತ್ತು ಪರ್ಸೆಂಟ್ ಸೇರಿಸಿ 77ರ ತನಕ ಫ್ರೀ. ಅಷ್ಟರೊಳಗೇ ಇರೋಕೆ ಐರನ್ ಬಾಕ್ಸ್ ಮುಟ್ಟಿದರೆ ಮಕ್ಕಳಿಗೆ ಬೈಯುತ್ತೇನೆ.

ಈಗ ಇನ್ನೊಂದು ಪುಟ. ಡೀಸೆಲ್ ಮೇಲಿನ ತೆರಿಗೆ 2024ರ ಜೂನ್‌ನಲ್ಲಿ ಏರಿತು, ಲೀಟರಿಗೆ ಹೆಚ್ಚುಕಡಿಮೆ ಮೂರು ರೂಪಾಯಿ. 2025ರ ಏಪ್ರಿಲ್‌ನಲ್ಲಿ ಮತ್ತೆ ಎರಡು ರೂಪಾಯಿ. ನಮ್ಮ ಗಾಡಿ ತಿಂಗಳಿಗೆ 200 ಲೀಟರ್ ಕುಡಿಯುತ್ತೆ. ಅಲ್ಲಿಗೆ ಹೆಚ್ಚುಕಡಿಮೆ 1,000! ಹಾಲು 2023ರ ಆಗಸ್ಟಲ್ಲಿ 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ 4 ರೂಪಾಯಿ ಜಾಸ್ತಿ ಆಯಿತು. ದಿನಕ್ಕೊಂದು ಲೀಟರ್ ಅಂದರೂ ತಿಂಗಳಿಗೆ 210.

ಗೃಹಲಕ್ಷ್ಮಿ 2,000 ಬಂದರೆ ನಮ್ಮ ಕೈ ಮೇಲಾಗುತ್ತಿತ್ತು. ಆದರೆ ನನಗೆ ಒಂದು ಕಂತೂ ಬಂದಿಲ್ಲ. ಯಜಮಾನರು 2021ರಲ್ಲಿ ಮೊಬೈಲ್ ಕವರ್ ಅಂಗಡಿ ಮಾಡ್ತೀನಿ ಅಂತ ಜಿಎಸ್‌ಟಿ ನಂಬರ್ ತಗೊಂಡಿದ್ದರು. ಅಂಗಡಿ ಎಂಟು ತಿಂಗಳಿಗೇ ಮುಚ್ಚಿತು. ನಂಬರ್ ಮಾತ್ರ ಗಟ್ಟಿಯಾಗಿ ಕೂತಿದೆ, ಗಂಡನ ಹೆಸರಲ್ಲಿ ಜಿಎಸ್‌ಟಿ ಇದೆ ಅಂತಲೇ ನನಗೆ ದುಡ್ಡಿಲ್ಲ. ಮೂರು ಸಲ ರಜೆ ಹಾಕಿ ಓಡಾಡಿದೆ, ಮೂರು ದಿನದ ಸಂಬಳ ಹೋಯಿತು ಅಷ್ಟೇ.

ನನ್ನ ಲೆಕ್ಕದಲ್ಲಿ ತಪ್ಪಿದೆಯಾ? ಈ ಕೈಯಲ್ಲಿ ಕೊಟ್ಟು ಆ ಕೈಯಲ್ಲಿ ಯಾಕೆ ತಗೋತಾರೆ?

ಲೆಜರ್ ರಾಯರು:

ಅಕ್ಕ, ಜಿಎಸ್‌ಟಿ ವಿಷಯ ಮೊದಲು ಹೇಳ್ತೀನಿ, ಅದು ಸರಿ ಮಾಡಬಹುದಾದದ್ದು. ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೂ ನಂಬರ್ ಹಾಕಿ ಹುಡುಕಬಹುದು. ಆರು ತಿಂಗಳು ರಿಟರ್ನ್, ಅಂದರೆ ವ್ಯಾಪಾರದ ಲೆಕ್ಕ, ಹಾಕದಿದ್ದರೆ ಅಧಿಕಾರಿಗಳೇ ರದ್ದು ಮಾಡಿರಲೂಬಹುದು. ಹಾಗಿದ್ದರೆ ರದ್ದಾದ ಆದೇಶ ಪ್ರಿಂಟ್ ತಗೊಂಡು ನಿಮ್ಮ ಭಾಗದ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಅರ್ಜಿ ಜೊತೆ ಕೊಡಿ. ಸ್ವೀಕೃತಿ ಸಹಿ ಹಾಕಿಸಿಕೊಳ್ಳದೆ ಬರಬೇಡಿ.

ಇನ್ನೂ ಆಕ್ಟಿವ್ ಅಂತ ತೋರಿಸಿದರೆ ಬಾಕಿ ರಿಟರ್ನ್‌ಗಳನ್ನು ನಿಲ್ (ವ್ಯಾಪಾರ ಸೊನ್ನೆ) ಅಂತ ಹಾಕಿ, ಲೇಟ್ ಫೀ ಕಟ್ಟಿ, ರದ್ದತಿಗೆ ಅರ್ಜಿ ಹಾಕಬೇಕು. ರದ್ದಾದ ಮೂರು ತಿಂಗಳೊಳಗೆ ಕೊನೇ ರಿಟರ್ನ್ ಅಂತ ಇನ್ನೊಂದು ಇದೆ. ಅದನ್ನು ಎಲ್ಲರೂ ಮರೆಯುತ್ತಾರೆ.

ಲೆಕ್ಕಪತ್ರ ಪ್ರೇಮಿ:

ನಿಮ್ಮ ಲೆಕ್ಕ ಸರಿಯಾಗೇ ಇದೆ. ಅದೂ ಯಾಕೆ ಡೀಸೆಲ್ಲೇ ಅನ್ನೋದಕ್ಕೆ ಕಾರಣ ಇದೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಕ್ಕೆ ತಾನೇ ಏರಿಸಬಹುದಾದ ದೊಡ್ಡ ತೆರಿಗೆಗಳು ಉಳಿದಿದ್ದೇ ಬೆರಳೆಣಿಕೆ: ಪೆಟ್ರೋಲ್ ಡೀಸೆಲ್, ಮದ್ಯ, ನೋಂದಣಿ, ಗಾಡಿ ತೆರಿಗೆ. 2025-26ರ ಬಜೆಟ್ 4,09,549 ಕೋಟಿ, ಅದರಲ್ಲಿ ಗ್ಯಾರಂಟಿಗೆ 51,034 ಕೋಟಿ. ಎಂಟರಲ್ಲಿ ಒಂದು ಪಾಲು. ಸಾಲ ಮಾಡೋಣ ಅಂದರೆ ವಿತ್ತೀಯ ಕೊರತೆ, ಅಂದರೆ ಸಾಲ ತಂದು ತುಂಬೋ ಖರ್ಚು, ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು ಅಂತ 2002ರ ಕಾಯ್ದೆ ಇದೆ. ಆ ಬಜೆಟ್ಟಲ್ಲೇ ಶೇ 2.95 ತೋರಿಸಿದ್ದಾರೆ, ಅಂಚಿಗೆ ಬಂದು ನಿಂತ ಹಾಗೆ. ಕೇಂದ್ರ ರಾಜ್ಯಗಳಿಗೆ ಹಂಚೋ ತೆರಿಗೆಯಲ್ಲಿ ನಮ್ಮ ಪಾಲೂ, ಆ ಹಂಚಿಕೆ ಹೇಳೋ 14ನೇ ಹಣಕಾಸು ಆಯೋಗದಲ್ಲಿದ್ದ ಶೇ 4.713ರಿಂದ 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು.

ಆದರೂ ನನ್ನ ಪ್ರಕಾರ ಡೀಸೆಲ್ ತೆರಿಗೆ ಕೆಟ್ಟ ಆಯ್ಕೆ. ಕಾರಿನವನಿಗೂ ನಿಮ್ಮ ಯಜಮಾನರಿಗೂ ಒಂದೇ ರೇಟು. ಅಲ್ವಾ? ಗೃಹಲಕ್ಷ್ಮಿಯ ಆ ಎರಡು ಸಾವಿರ ಹೆಚ್ಚುಕಡಿಮೆ ಎಲ್ಲರಿಗೂ ಕೊಡೋ ಬದಲು ಬಡವರಿಗೆ ಮಾತ್ರ ಕೊಟ್ಟಿದ್ದರೆ ಇಷ್ಟು ಎಳೆದಾಟ ಇರುತ್ತಿರಲಿಲ್ಲ.

ಸರೋಜ ಹಾಸನ:

ರೀ, ಸುಮ್ನೆ ಬಡವರಿಗೆ ಮಾತ್ರ ಅಂತೀರಲ್ಲ, ಈ ಅಕ್ಕ ಬಡವರಲ್ವಾ? ಒಂದು ಸತ್ತ ಜಿಎಸ್‌ಟಿ ನಂಬರ್ ಇಟ್ಟುಕೊಂಡು ಅವರನ್ನೇ ಆಚೆ ಹಾಕಿದ್ದಾರೆ. ಜರಡಿ ಸಣ್ಣದು ಮಾಡಿದಷ್ಟೂ ಇಂಥವರೇ ಉದುರೋದು.

ನನಗೆ ಆ ಎರಡು ಸಾವಿರ ಬರುತ್ತೆ. ಮದುವೆಯಾಗಿ ಹತ್ತೊಂಬತ್ತು ವರ್ಷ, ನನ್ನ ಹೆಸರಿನ ಪಾಸ್‌ಬುಕ್ಕಲ್ಲಿ ಎಂಟ್ರಿ ನೋಡಿದ್ದು ಇದೇ ಮೊದಲು. ಕನ್ನಡಕ ಮಾಡಿಸಿಕೊಳ್ಳೋಕೆ ಯಾರನ್ನೂ ಕೇಳಲಿಲ್ಲ. ಕಂತು ಹೇಳಿದ ತಿಂಗಳಿಗೆ ಬರಲ್ಲ, ಎರಡು ಮೂರು ಒಟ್ಟಿಗೆ ಬೀಳುತ್ತೆ, ಅದಕ್ಕೆ ಬೈಯುತ್ತೇನೆ. ಕೊಡಬೇಡಿ ಅಂತ ಮಾತ್ರ ಅನ್ನಲ್ಲ.

ಹೊಲಿಗೆ ಅಕ್ಕ:

ಎಲ್ಲರಿಗೂ ಥ್ಯಾಂಕ್ಸ್. ಸರೋಜಕ್ಕ, ಕನ್ನಡಕದ ಮಾತು ಓದಿ ಸೂಜಿಗೆ ದಾರ ಪೋಣಿಸೋಕೆ ಮಗಳನ್ನು ಕರೆಯೋದು ನೆನಪಾಯಿತು.

ಮುಂದಿನ ಬಜೆಟ್ಟಲ್ಲಿ ಏನು ಬೇಕು ಅಂತ ನನ್ನ ಕೇಳಿದರೆ, ಬಸ್ಸು ಅಂತೀನಿ. ಟಿಕೆಟ್ ಫ್ರೀ ಇದೆ, ಬಸ್ಸೇ ಸಾಲದು. ಬೆಳಿಗ್ಗೆ 7.40ರದ್ದು ತುಂಬಿ ನಿಲ್ಲಿಸದೆ ಹೋದರೆ ಷೇರ್ ಆಟೋಗೆ 30 ಕೊಡಬೇಕು. ತಡವಾದರೆ ಅರ್ಧ ದಿನ ಕಟ್. ಹೋದ ತಿಂಗಳು ಹೀಗೆ ಆರು ಸಲ ಆಯಿತು, ಅದೂ ಡೈರಿಯಲ್ಲಿದೆ.

ರಾಯರೇ, ನಂಬರ್ ಹಾಕಿ ನೋಡಿದೆ. ಇನ್ನೂ ಆಕ್ಟಿವ್ ಅಂತಲೇ ಇದೆ. ಲಾಗಿನ್ ಮಾಡೋಣ ಅಂದರೆ ಓಟಿಪಿ ಹೋಗೋದು ಯಜಮಾನರ ಹಳೇ ಸಿಮ್‌ಗೆ. ಆ ಸಿಮ್ಮು ಎಲ್ಲಿದೆ ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ಇದಕ್ಕೇನು ದಾರಿ?