ಕೊಳವೆಬಾವಿಯ ವರದಿಯಲ್ಲಿ 47: ಭಾನುವಾರದೊಳಗೆ ತೀರ್ಮಾನವಾಗಲಿ

ಎರಡನೇ ಅಡ್ಡರಸ್ತೆ, ಮೂಲೆ ಮನೆ:
ಹೊಸ ಕೊಳವೆಬಾವಿಯ ನೀರಿನ ವರದಿ ಕೈಸೇರಿದೆ. ಫ್ಲೋರೈಡ್ ಅಂಚಿನಲ್ಲಿದೆ, ಚಿಕ್ಕಬಳ್ಳಾಪುರದವರಿಗೆ ಅದೇನೂ ಹೊಸ ಸುದ್ದಿಯಲ್ಲ. ಕೊನೆಯ ಪುಟ ನೋಡಿ: ಯುರೇನಿಯಂ, ಲೀಟರಿಗೆ 47 ಮೈಕ್ರೊಗ್ರಾಂ. ಬಡಾವಣೆ ನಿರ್ಮಿಸಿದವರ ಕಚೇರಿಯಲ್ಲಿ ವಿಚಾರಿಸಿದರೆ, "60ರ ಒಳಗೇ ಇದೆಯಲ್ಲ, ನಿಶ್ಚಿಂತೆಯಿಂದ ಕುಡಿಯಿರಿ" ಎಂದು ಸಾಗಹಾಕಿದರು.

ಈ 60 ಎಲ್ಲಿಂದ ಬಂತು? ಅದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ, ವಿಕಿರಣದ ಲೆಕ್ಕದಿಂದ ಹೊರಟದ್ದು. ವಿಶ್ವ ಆರೋಗ್ಯ ಸಂಸ್ಥೆ 2011ರಿಂದ ಹೇಳುತ್ತಿರುವುದು 30. ಕುಡಿಯುವ ನೀರಿನ ಭಾರತೀಯ ಮಾನಕವೂ ಈಗ 30. ನೀರಿನೊಂದಿಗೆ ಹೊಟ್ಟೆಗೆ ಹೋಗುವ ಯುರೇನಿಯಂ ಮೊದಲು ಕಾಡುವುದು ಭಾರಲೋಹವಾಗಿ, ಅದೂ ಮೂತ್ರಪಿಂಡವನ್ನು. ವಿಕಿರಣದ ಚಿಂತೆ ಆಮೇಲಿನದು. ಹಾಗಿರುವಾಗ ತಮಗೆ ಅನುಕೂಲವಾದ ಅಂಕಿ ಹಿಡಿದು ಯಾರೋ ನಮ್ಮ ಬಾಯಿ ಮುಚ್ಚಿಸುವುದು ಬೇಡ. ಕುಡಿಯಲು, ಅಡುಗೆಗೆ ಈ ನೀರನ್ನು ಇಂದಿನಿಂದಲೇ ನಿಲ್ಲಿಸೋಣ ಎಂಬುದು ನನ್ನ ಸಲಹೆ.

ಉದ್ಯಾನದ ಎದುರು ಮನೆ:
ಇದು ಹೆದ್ದಾರಿ ಪಕ್ಕದ ಕಾರ್ಖಾನೆಯವರದೇ ಕೆಲಸ. ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡೋಣ. ನಾನೇ ಬರೆಯುತ್ತೇನೆ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರು:
ಸ್ವಲ್ಪ ತಡೆಯಿರಿ. ಇದಕ್ಕೆ ಕಾರ್ಖಾನೆಯೂ ಬೇಡ, ಗಣಿಯೂ ಬೇಡ. ಗಣಿ ಎಂದರೆ ಜಾರ್ಖಂಡಿನ ಜಾದೂಗುಡ. ನಮ್ಮ ರಾಜ್ಯದಲ್ಲಿ ನಿಕ್ಷೇಪವೆಂದು ಹೆಸರಾದದ್ದು ಯಾದಗಿರಿಯ ಗೋಗಿ. ನಮ್ಮ ಕಾಲಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಅವುಗಳಲ್ಲಿ ಯುರೇನಿಯಂ ಅಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಆಮ್ಲಜನಕವೂ ಬೈಕಾರ್ಬೊನೇಟೂ ಇರುವ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಾನುಗಟ್ಟಲೆ ನಿಂತರೆ ಅದು ನಿಧಾನವಾಗಿ ಕರಗಿ ಬರುತ್ತದೆ. ಕೆರೆಗಳನ್ನು ಕೈಬಿಟ್ಟು, ಸಾವಿರ ಅಡಿ ದಾಟಿ ಕೊರೆದು, ಆ ಹಳೆಯ ನೀರನ್ನು ಮೇಲೆತ್ತುತ್ತಿರುವವರು ನಾವೇ.

ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಮತ್ತು ಅವರ ಜೊತೆಗಾರರು ರಾಜ್ಯದ ಪೂರ್ವ ಭಾಗದ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ್ದರು. 57 ಹಳ್ಳಿಗಳಲ್ಲಿ 30ಕ್ಕಿಂತ ಹೆಚ್ಚು, 48ರಲ್ಲಿ 60ಕ್ಕಿಂತಲೂ ಹೆಚ್ಚು. ಕೆಲವೆಡೆ ಸಾವಿರ ದಾಟಿತ್ತು. ಕೋಲಾರ, ತುಮಕೂರು, ನಮ್ಮ ಜಿಲ್ಲೆ ಎಲ್ಲವೂ ಆ ಪಟ್ಟಿಯಲ್ಲಿವೆ. ನಮ್ಮ 47 ಅವುಗಳ ಮುಂದೆ ಸಣ್ಣದು, ಹಾಗೆಂದು ಕುಡಿಯಬೇಕಾಗಿಲ್ಲ.

ಮೊದಲ ಮಹಡಿ, ಬಾಡಿಗೆ ಮನೆ:
ಮಗುವಿಗೆ ಇನ್ನೂ ಎಂಟು ತಿಂಗಳು. ಇದೇ ನೀರನ್ನು ಚೆನ್ನಾಗಿ ಕುದಿಸಿ, ಸೋಸಿ ಕೊಡುತ್ತಿದ್ದೇನೆ. ಸಾಲದೇ? ಸ್ನಾನಕ್ಕೂ ಬೇಡವೇ?

ನಾಲ್ಕನೇ ಅಡ್ಡರಸ್ತೆಯ ವೈದ್ಯೆ:
ಕುದಿಸಿದರೆ ರೋಗಾಣು ಸಾಯುತ್ತವೆ, ಲೋಹ ಎಲ್ಲಿಗೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿಯೂ ಪ್ರಯೋಜನವಿಲ್ಲ. ಮಗುವಿಗೆ ಬೇರೆ ನೀರನ್ನು ಇಂದೇ ಶುರು ಮಾಡಿ. ಸ್ನಾನ, ಬಟ್ಟೆ, ಪಾತ್ರೆಗೆ ಅಡ್ಡಿಯಿಲ್ಲ. ಚರ್ಮದ ಮೂಲಕ ಒಳಸೇರುವುದು ನಗಣ್ಯ.

ಕುಡಿದದ್ದರಲ್ಲಿ ಬಹುಪಾಲು ಮಲದೊಂದಿಗೆ ಹೊರಹೋಗುತ್ತದೆ. ರಕ್ತಕ್ಕೆ ಸೇರಿದ ಅಲ್ಪ ಭಾಗವನ್ನು ಮೂತ್ರಪಿಂಡ ಸೋಸಿ ಹೊರಹಾಕುತ್ತದೆ, ಸ್ವಲ್ಪ ಮೂಳೆಯಲ್ಲಿ ಉಳಿಯುತ್ತದೆ. ಸೋಸುವ ಆ ಸೂಕ್ಷ್ಮ ನಾಳಗಳಿಗೇ ಪೆಟ್ಟು ಬೀಳುವ ಅಪಾಯ, ಅದೂ ವರ್ಷಗಟ್ಟಲೆ ಕುಡಿದಾಗ. ಮಧುಮೇಹ, ರಕ್ತದೊತ್ತಡ ಇರುವವರು ಮೂತ್ರದ ಪ್ರೋಟೀನ್ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಹೇಗೂ ಮಾಡಿಸಬೇಕು. ಈ ನೆಪದಲ್ಲಾದರೂ ಮಾಡಿಸಿ. ಉಳಿದವರು ಗಾಬರಿಯಾಗಿ ದುಬಾರಿ ತಪಾಸಣೆಗಳ ಬೆನ್ನು ಹತ್ತಬೇಡಿ.

ಖಜಾಂಚಿ:
ಟ್ಯಾಂಕರ್ ತರಿಸಿದರೆ ಮುಗಿಯಿತಲ್ಲ?

ಎರಡನೇ ಅಡ್ಡರಸ್ತೆ, ಮೂಲೆ ಮನೆ:
ಟ್ಯಾಂಕರಿನವರು ತುಂಬಿಸುವುದೂ ಇನ್ನೊಂದು ಕೊಳವೆಬಾವಿಯಿಂದಲೇ. ಅದರ ವರದಿ ತೋರಿಸಿದರೆ ತರಿಸೋಣ.

ಮೂರನೇ ಅಡ್ಡರಸ್ತೆ, ಹಸಿರು ಗೇಟು:
ನಮ್ಮ ಮನೆಯಲ್ಲಿ ಆರ್‌ಒ ಯಂತ್ರ ಇದೆ. ಟಿಡಿಎಸ್ ಮೀಟರ್ 60 ತೋರಿಸುತ್ತಿದೆ. ನಮಗೇನೂ ತೊಂದರೆ ಇಲ್ಲ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರು:
ಆರ್‌ಒ ಯುರೇನಿಯಂ ತೆಗೆಯುತ್ತದೆ ಎಂಬುದು ನಿಜ, ಪೊರೆ ಸರಿಯಿದ್ದರೆ. ಆದರೆ ಆ ಮೀಟರ್ ಅಳೆಯುವುದು ಕರಗಿದ ಲವಣಗಳ ಒಟ್ಟು ಮೊತ್ತವನ್ನು, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. ನಾವು ಮಾತನಾಡುತ್ತಿರುವುದು ಅದರ ಸಾವಿರದ ಒಂದು ಭಾಗದ ಅಳತೆಯಲ್ಲಿ. ಯಂತ್ರದಿಂದ ಬಂದ ನೀರಿನದೂ ಒಂದು ಮಾದರಿ ಕೊಡಿ. ಶುದ್ಧ ನೀರು ಕೊಟ್ಟ ಮೇಲೆ ಯಂತ್ರ ಬೇಡವೆಂದು ಹೊರಚೆಲ್ಲುವ ನೀರಿನಲ್ಲಿ ಯುರೇನಿಯಂ ಇನ್ನೂ ಹೆಚ್ಚಿರುತ್ತದೆ. ಅದನ್ನು ಶೌಚಾಲಯಕ್ಕೆ ಬಳಸಿ, ದನಕರುಗಳಿಗೆ ಇಡಬೇಡಿ.

ಉದ್ಯಾನದ ಎದುರು ಮನೆ:
ದೂರು ಅರ್ಧ ಬರೆದಾಗಿತ್ತು. ಇರಲಿ, ಅದೇ ಕಾಗದವನ್ನು ಬಡಾವಣೆ ನಿರ್ಮಿಸಿದವರ ಕಡೆಗೆ ತಿರುಗಿಸುತ್ತೇನೆ. ಕುಡಿಯುವ ನೀರಿನ ಹೊಣೆ ಅವರದೆಂದು ಕರಾರಿನಲ್ಲೇ ಇದೆ.

ಕಾರ್ಯದರ್ಶಿ:
ಸರಿ, ಹೀಗೆ ಮಾಡೋಣ. ಭಾನುವಾರ ಬೆಳಿಗ್ಗೆ ಹಳೆಯ ಬಾವಿ, ಹೊಸ ಬಾವಿ, ನೆಲದಡಿಯ ತೊಟ್ಟಿ, ಹಸಿರು ಗೇಟಿನ ಮನೆಯ ಆರ್‌ಒ, ಜೊತೆಗೆ ಬಸ್ ನಿಲ್ದಾಣದ ಬಳಿಯ ಶುದ್ಧ ಕುಡಿಯುವ ನೀರಿನ ಘಟಕ: ಎಲ್ಲದರ ಮಾದರಿಯನ್ನೂ ಬೇರೆ ಬೇರೆಯಾಗಿ ತೆಗೆಯುವುದು. ಮೋಟಾರ್ ಹತ್ತು ನಿಮಿಷ ಓಡಿದ ಮೇಲೆ, ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿಸಬೇಕು. ಬಾವಿಯ ಆಳ, ದಿನಾಂಕ ಚೀಟಿಯಲ್ಲಿ ಬರೆಯಬೇಕು. ಸಾಮಾನ್ಯ ಪರೀಕ್ಷೆಯ ಪಟ್ಟಿಯಲ್ಲಿ ಯುರೇನಿಯಂ ಇರುವುದಿಲ್ಲ, ಪ್ರಯೋಗಾಲಯದಲ್ಲಿ ಹೆಸರಿಟ್ಟು ಕೇಳಬೇಕು. ಹೊಸ ಬಾವಿಯ ನೀರನ್ನು ಮೇಲಿನ ತೊಟ್ಟಿಗೆ ಬಿಡುವುದು ಅಲ್ಲಿಯವರೆಗೆ ಬೇಡ. ಖರ್ಚು ಸಂಘದ್ದು. ಹಳೆಯ ಬಾವಿಯ ಮೋಟಾರ್ ಕೊಠಡಿಯ ಬೀಗದ ಕೈ ಯಾರ ಬಳಿ ಇದೆ?

ಖಜಾಂಚಿ:
ಬಡಾವಣೆ ನಿರ್ಮಿಸಿದವರ ಕಚೇರಿಯಲ್ಲೇ ಇದೆ. ನಾಳೆ ಹನ್ನೊಂದಕ್ಕೆ ಹೋಗುತ್ತೇನೆ, ಇನ್ನಿಬ್ಬರು ಜೊತೆಗೆ ಬನ್ನಿ. ಉದ್ಯಾನದ ಎದುರು ಮನೆಯವರು ಪತ್ರದ ಎರಡು ಪ್ರತಿ ತರಲಿ. ನಮ್ಮ ಪ್ರತಿಗೆ ಸ್ವೀಕೃತಿಯ ಮೊಹರು ಬೀಳದೆ ಅಲ್ಲಿಂದ ಏಳುವುದು ಬೇಡ.